ಹಾಲಿ, ಕಲ್ದಾರ್, ಡಾಲರ್: ಬೆಲೆಗೂ ಒಂದು ಊರುಂಟು

ಪುಣೆಯ ಕೊಂಢವಾದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಅನೇಕರು ತಮ್ಮ ಮನೆಯ ಗುರುತು ಹೇಳುವಾಗ ‘ಎನ್‌ಐಬಿಎಂ ರಸ್ತೆ’ ಎನ್ನುತ್ತಾರೆ. 1969ರಲ್ಲಿ ರಿಸರ್ವ್ ಬ್ಯಾಂಕು ಹುಟ್ಟುಹಾಕಿದ ರಾಷ್ಟ್ರೀಯ ಬ್ಯಾಂಕ್ ನಿರ್ವಹಣಾ ಸಂಸ್ಥೆಯ ಹೆಸರಿನ ಮೊದಲಕ್ಷರಗಳು ಅವು. ಹಣದ ವಿದ್ಯೆಯನ್ನು ಕಲಿಸುವ ಸಂಸ್ಥೆಯಿಂದ ಹೆಸರು ಪಡೆದ ಈ ರಸ್ತೆಯ ಒಂದು ಮನೆಯಲ್ಲಿ, ಹಣವನ್ನೇ ಕುರಿತ ಒಂದು ಪ್ರಶ್ನೆಯನ್ನು ನನ್ನ ತಂಗಿಯ ಮಗ ಕಳೆದ ಬೇಸಿಗೆಯಲ್ಲಿ ನನ್ನ ಮುಂದಿಟ್ಟ. ಅವನೂ ಅಮೆರಿಕದ ಡಲ್ಲಾಸಿನಲ್ಲಿರುವ ಅವನ ದೊಡ್ಡಪ್ಪನ ಮಗನೂ ಅಂತರಜಾಲದ ಅಂಗಡಿಯೊಂದರಿಂದ ಒಂದೇ ವಿಡಿಯೋ ಆಟವನ್ನು ಒಂದೇ ದಿನ ಕೊಂಡಿದ್ದರು. ಇವನು ತೆತ್ತ ರೂಪಾಯಿಯನ್ನು ಡಾಲರಿಗೆ ಪರಿವರ್ತಿಸಿದರೆ ಅಣ್ಣ ತೆತ್ತದ್ದರ ಅರ್ಧದಷ್ಟೂ ಆಗುತ್ತಿರಲಿಲ್ಲ. “ಮಾಮಾ, ಆಟ ಒಂದೇ. ನನಗೊಂದು ರೇಟು, ಅಣ್ಣಗೊಂದು ರೇಟು. ನಮ್ಮಿಬ್ಬರೊಳಗ ಮೋಸ ಹೋದವರು ಯಾರು?” ಎಂದು ಅವನು ಕೇಳಿದ.

ಆಗ ನನಗೆ ನೆನಪಾದದ್ದು ಕಲಬುರಗಿಯ ನಮ್ಮ ಅಜ್ಜ. ಅವರು ಯಾವುದೇ ಹಳೆಯ ಖರೀದಿಯ ಮಾತು ತೆಗೆದರೂ ಮೊತ್ತದ ಜೊತೆಗೆ ‘ಹಾಲಿ’ ಅಥವಾ ‘ಕಲ್ದಾರ್’ ಎಂಬ ಪದವನ್ನು ಸೇರಿಸದೆ ಬಿಡುತ್ತಿರಲಿಲ್ಲ. ನೂರು ರೂಪಾಯಿ ಎಂದಷ್ಟೇ ಹೇಳಿದರೆ ಅವರ ಕಾಲದಲ್ಲಿ ಅದು ಪೂರ್ಣವಾದ ಮಾತಾಗಿರಲಿಲ್ಲ. ಎಲ್ಲಿಯ ನೂರು ಎಂಬುದು ತಿಳಿಯಬೇಕಿತ್ತು. ಹುಡುಗನ ಪ್ರಶ್ನೆಗೆ ಉತ್ತರ ಹುಡುಕಲು ಆ ಹಳೆಯ ಕಾಲದಿಂದಲೇ ಹೊರಡುವುದು ಲೇಸೆಂದು ತೋರಿತು.

ಮೊದಲು ಎರಡು ಸಂಗತಿಗಳನ್ನು ಬೇರ್ಪಡಿಸಿಕೊಳ್ಳಬೇಕು. ಯಾವ ನಾಣ್ಯದಲ್ಲಿ ಬೆಲೆ ಹೇಳುತ್ತಾರೆ ಎಂಬುದು ಒಂದು. ಯಾರಿಗೆ ಎಷ್ಟು ಬೆಲೆ ಹೇಳುತ್ತಾರೆ ಎಂಬುದು ಇನ್ನೊಂದು. ಮೊದಲನೆಯದು ನಾಣ್ಯದ ಚರಿತ್ರೆ, ಎರಡನೆಯದು ವ್ಯಾಪಾರದ ಚರಿತ್ರೆ. ಇಂದಿನ ಆಟದಂಗಡಿಯ ಪುಟದಲ್ಲಿ ಇವೆರಡೂ ಒಂದೇ ಅಂಕಿಯಲ್ಲಿ ಬೆರೆತುಹೋಗಿರುವುದರಿಂದ ಗೊಂದಲ ಹುಟ್ಟುತ್ತದೆ.

ಕನ್ನಡ ನಾಡಿನಲ್ಲಿ ನಾಣ್ಯಕ್ಕೆ ಊರಿನ ಹೆಸರಿರುವುದು ಬಹಳ ಹಳೆಯ ರೂಢಿ. ಇಂದಿನ ಗದಗ ಜಿಲ್ಲೆಯ ಲಕ್ಕುಂಡಿ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಲೊಕ್ಕಿಗುಂಡಿಯಾಗಿತ್ತು, ಅಲ್ಲಿ ಟಂಕಸಾಲೆಯಿತ್ತು. ಶಾಸನಗಳಲ್ಲಿ ದತ್ತಿಯ ಮೊತ್ತವನ್ನು ಹೇಳುವಾಗ ಬರಿಯ ಗದ್ಯಾಣವೆನ್ನದೆ ಲೊಕ್ಕಿ ಗದ್ಯಾಣವೆಂದು ವಿಶೇಷಿಸಿ ಹೇಳುವುದುಂಟು. ಯಾವ ಕಮ್ಮಟದ್ದೆಂದು ತಿಳಿಯದ ಹೊನ್ನಿನ ಮೇಲೆ ನಂಬಿಕೆ ಇಡಲಾಗದೆಂಬುದನ್ನು ಬರೆಸಿದವರು ಬಲ್ಲರು. ಗದ್ಯಾಣದ ಕೆಳಗೆ ಪಣ, ಪಣದ ಕಾಲು ಭಾಗ ಹಾಗ, ಹದಿನಾರನೆಯ ಭಾಗ ವೀಸ. 1443ರಲ್ಲಿ ಇಮ್ಮಡಿ ದೇವರಾಯನ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕ್ ಅಲ್ಲಿಯ ನಾಣ್ಯಗಳನ್ನು ವಿವರವಾಗಿ ಬರೆದಿದ್ದಾನೆ: ವರಹ, ಅದರ ಅರ್ಧ ಪ್ರತಾಪ, ಪ್ರತಾಪದ ಹತ್ತನೆಯ ಒಂದು ಪಾಲು ಪಣ. ಇವುಗಳಲ್ಲಿ ಹೆಚ್ಚು ಬಳಕೆಯದು ಪಣವೆಂದೂ ಅವನು ಗುರುತಿಸಿದ್ದಾನೆ. ಅವನ ಲೆಕ್ಕದಲ್ಲಿ ಒಂದು ವರಹಕ್ಕೆ ಇಪ್ಪತ್ತು ಪಣವಾದರೆ, ಮುಂದೆ ಮೈಸೂರಿನ ಕಂಠೀರಾಯ ಲೆಕ್ಕದಲ್ಲಿ ವರಹಕ್ಕೆ ಹತ್ತೇ ಪಣ. ಹೆಸರು ಒಂದೇ ಇದ್ದರೂ ನಾಣ್ಯ ಒಂದೇ ಅಲ್ಲ.

ಟಿಪ್ಪು ಸುಲ್ತಾನನ ಪತನದ ಮರುವರ್ಷ, 1800ರಲ್ಲಿ, ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸ ಗ್ರಂಥವನ್ನು 1807ರಲ್ಲಿ ಪ್ರಕಟಿಸಿದ. ಬೆಳೆ, ಮಣ್ಣು, ಜಾತಿಗಳ ವಿವರದಷ್ಟೇ ಶ್ರದ್ಧೆಯಿಂದ ಅವನು ಅಲ್ಲಲ್ಲಿಯ ನಾಣ್ಯ, ತೂಕ, ಅಳತೆಗಳನ್ನು ದಾಖಲಿಸಿಕೊಂಡ. ಹಾಗೆ ಮಾಡದೆ ಅವನಿಗೆ ಗತ್ಯಂತರವಿರಲಿಲ್ಲ. ಒಂದು ಊರಿನ ಅಕ್ಕಿಯ ಬೆಲೆಯನ್ನು ಇನ್ನೊಂದು ಊರಿನ ಬೆಲೆಯೊಡನೆ ಹೋಲಿಸಬೇಕಾದರೆ ಮೊದಲು ಸೇರು ಯಾವುದು, ಪಣ ಯಾವುದು ಎಂದು ತಿಳಿಯಬೇಕು. ಮದರಾಸು ಆಡಳಿತಕ್ಕೆ ಸೇರಿದ ಬಳ್ಳಾರಿ ಮತ್ತು ಕೆನರಾಗಳಲ್ಲಿ ಕಂಪನಿಯ ಲೆಕ್ಕವೆಲ್ಲ ನಕ್ಷತ್ರ ವರಹದಲ್ಲಿ ನಡೆಯುತ್ತಿತ್ತು. 1818ರಲ್ಲಿ ಮದರಾಸು ವರಹವನ್ನು ಬಿಟ್ಟು ರೂಪಾಯಿಗೆ ಬಂದಾಗ ಒಂದು ನಕ್ಷತ್ರ ವರಹಕ್ಕೆ ಮೂರೂವರೆ ರೂಪಾಯಿ ಎಂದು ನಿಗದಿಯಾಯಿತು.

ಪುಣೆಯ ಪೇಶ್ವೆಗಳ ಸೀಮೆಯಲ್ಲಂತೂ ರೂಪಾಯಿಗಳೇ ಹಲವು ಬಗೆ. ಅಂಕುಶದ ಗುರುತುಳ್ಳ ಅಂಕುಶಿ ರೂಪಾಯಿ ಪುಣೆಯ ಕಡೆಯದು. ರಾಸ್ತೆ ಮನೆತನದ ಕೈಯಲ್ಲಿದ್ದ ಬಾಗಲಕೋಟೆಯ ಟಂಕಸಾಲೆಯಲ್ಲಿ ಮಲ್ಹಾರಶಾಹಿ ರೂಪಾಯಿ ಅಚ್ಚಾಗುತ್ತಿತ್ತು. ಬಾಗಲಕೋಟೆಯ ವ್ಯಾಪಾರಿ ಪುಣೆಗೆ ಬಂದರೆ ಅವನ ಮೊದಲ ಕೆಲಸ ಸರಾಫನನ್ನು ಕಾಣುವುದು. ಸರಾಫನು ನಾಣ್ಯವನ್ನು ತೂಗಿ, ಉಜ್ಜಿ, ಸದ್ದು ಕೇಳಿ, ಬೆಳ್ಳಿಯ ಅಂಶವನ್ನು ಅಂದಾಜಿಸಿ, ತನ್ನ ಬಟ್ಟಾ ಮುರಿದುಕೊಂಡು ಇಲ್ಲಿ ಸಲ್ಲುವ ನಾಣ್ಯವನ್ನು ಕೊಡುತ್ತಿದ್ದ. ಕನ್ನಡದಲ್ಲಿ ಇವನಿಗೆ ಚಿನಿವಾರನೆಂದು ಹೆಸರು. ನಾಣ್ಯ ಬದಲಿಸುವ ಕೆಲಸ ಹೋದರೂ ಹೆಸರು ಹೋಗಲಿಲ್ಲ. ನಮ್ಮ ಪತ್ರಿಕೆಗಳು ಚಿನ್ನ ಬೆಳ್ಳಿಯ ದರವನ್ನು ಇಂದಿಗೂ ‘ಚಿನಿವಾರ ಪೇಟೆ’ ಎಂಬ ತಲೆಬರಹದಲ್ಲಿ ಕೊಡುವುದುಂಟು. ಪೋತದಾರ, ಸರಾಫ ಎಂಬ ಮನೆತನದ ಹೆಸರುಗಳು ಪುಣೆಯಲ್ಲೂ ಬೆಳಗಾವಿಯಲ್ಲೂ ಉಳಿದಿವೆ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಈ ವ್ಯವಸ್ಥೆಯಲ್ಲಿ ನಾಣ್ಯಗಳು ಬೇರೆಯಾಗಿದ್ದರೂ ಸರಕಿನ ಬೆಲೆಯಲ್ಲಿ ದೊಡ್ಡ ಅಂತರ ಬಹುಕಾಲ ನಿಲ್ಲುವಂತಿರಲಿಲ್ಲ. ಬಾಗಲಕೋಟೆಯಲ್ಲಿ ಅಗ್ಗವಾದ ಬಟ್ಟೆ ಪುಣೆಯಲ್ಲಿ ತುಟ್ಟಿಯಾದರೆ ಎತ್ತಿನ ಬೆನ್ನೇರಿ ಬಟ್ಟೆ ಬರುತ್ತಿತ್ತು. ಸಾಗಣೆಯ ಖರ್ಚು, ದಾರಿಯ ಸುಂಕ, ಸರಾಫನ ಬಟ್ಟಾ ಇವಿಷ್ಟು ಸೇರಿದರೆ ಬೆಲೆಯ ಅಂತರಕ್ಕೆ ಲೆಕ್ಕ ಸಿಗುತ್ತಿತ್ತು. 1835ರ ಕಾನೂನು ಆ ವರ್ಷದ ಸೆಪ್ಟೆಂಬರ್ 1ರಿಂದ ಕಂಪನಿಯ ಆಡಳಿತ ಪ್ರದೇಶಗಳಿಗೆಲ್ಲ 180 ಗ್ರೇನ್ ತೂಕದ ಒಂದೇ ರೂಪಾಯಿಯನ್ನು ತಂದಾಗ ಸರಾಫನ ಪಾಲು ಕುಗ್ಗಿತು. ಮೈಸೂರು ಸಂಸ್ಥಾನದ ಟಂಕಸಾಲೆಯೂ 1843ರಲ್ಲಿ ಮುಚ್ಚಿತು.

ಆದರೆ ಹೈದರಾಬಾದಿನ ನಿಜಾಮರು ತಮ್ಮ ನಾಣ್ಯವನ್ನು ಬಿಡಲಿಲ್ಲ. ಬೀದರ, ಕಲಬುರಗಿ, ರಾಯಚೂರುಗಳಲ್ಲಿ ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಸಲ್ಲುತ್ತಿದ್ದುದು ಚಾರ್ ಮಿನಾರಿನ ಚಿತ್ರವುಳ್ಳ ಹಾಲಿ ಸಿಕ್ಕಾ. 1918ರಿಂದ ನೋಟುಗಳೂ ಅವರವೇ. ಬ್ರಿಟಿಷ್ ಭಾರತದ ರೂಪಾಯಿಗೆ ಅಲ್ಲಿಯ ಜನ ಕಲ್ದಾರ್ ಎನ್ನುತ್ತಿದ್ದರು. ಏಳು ಹಾಲಿಗೆ ಆರು ಕಲ್ದಾರ್ ಎಂಬುದು ಸರ್ಕಾರದ ದರ. ನೂರು ಕಲ್ದಾರಿಗೆ 116 ಹಾಲಿ ರೂಪಾಯಿ 10 ಆಣೆ 8 ಪೈ. 1871ರಲ್ಲಿ ರಾಯಚೂರು ಮುಟ್ಟಿದ ರೈಲು ದಾರಿ ಪುಣೆ, ಸೊಲ್ಲಾಪುರ, ಕಲಬುರಗಿ, ವಾಡಿಗಳನ್ನು ಒಂದೇ ಎಳೆಯಲ್ಲಿ ಪೋಣಿಸಿತ್ತು. ಅದೇ ದಾರಿಯಲ್ಲಿ ಸೊಲ್ಲಾಪುರದ ಗಿರಣಿಗೋ ಪುಣೆಯ ಕಾಲೇಜಿಗೋ ಹೊರಟ ಕನ್ನಡಿಗನು ಭಾಷೆಯ ಗಡಿಯನ್ನು ದಾಟುವ ಮೊದಲೇ ನಾಣ್ಯದ ಗಡಿಯನ್ನು ದಾಟಬೇಕಿತ್ತು. ಸೊಲ್ಲಾಪುರದಲ್ಲಿ ಕನ್ನಡ ಸಲ್ಲುತ್ತಿತ್ತು, ಹಾಲಿ ಸಲ್ಲುತ್ತಿರಲಿಲ್ಲ. 1948ರ ಸೆಪ್ಟೆಂಬರಿನ ಕಾರ್ಯಾಚರಣೆಯಲ್ಲಿ ಸಂಸ್ಥಾನ ಭಾರತಕ್ಕೆ ಸೇರಿದ ಮೇಲೆ ಹಾಲಿ ಹಿಂದೆ ಸರಿದು ಭಾರತದ ರೂಪಾಯಿ ಉಳಿಯಿತು.

ಇಷ್ಟಕ್ಕೆ ನಾಣ್ಯದ ಗಡಿಗಳು ಮುಗಿದವೆಂದುಕೊಂಡರೆ, ಸ್ವತಂತ್ರ ಭಾರತವೇ ಒಂದು ಹೊಸ ಗಡಿಯನ್ನು ಹಾಕಬೇಕಾಯಿತು. ಕುವೈತ್, ಬಹರೇನ್, ಕತಾರ್ ಮೊದಲಾದ ಕೊಲ್ಲಿ ನಾಡುಗಳಲ್ಲಿ ಆಗ ನಮ್ಮ ರೂಪಾಯಿಯೇ ಚಲಾವಣೆಯಲ್ಲಿತ್ತು. ಆ ದಾರಿಯಲ್ಲಿ ಚಿನ್ನ ಕಳ್ಳಸಾಗಣೆಯಾಗಿ ಒಳಬರುತ್ತಿತ್ತು, ರೂಪಾಯಿ ಹೊರಹೋಗುತ್ತಿತ್ತು. 1959ರಲ್ಲಿ ರಿಸರ್ವ್ ಬ್ಯಾಂಕು ಕೊಲ್ಲಿಗಾಗಿಯೇ ಬೇರೆ ಬಣ್ಣದ ನೋಟುಗಳನ್ನು ಮುದ್ರಿಸಿತು. ಅದರ ಮೇಲೂ ರೂಪಾಯಿ ಎಂದೇ ಇತ್ತು, ಆದರೆ ಅದು ಭಾರತದೊಳಗೆ ಸಲ್ಲುತ್ತಿರಲಿಲ್ಲ. 1961ರಲ್ಲಿ ಕುವೈತ್ ತನ್ನ ದಿನಾರನ್ನು ತಂದಿತು; 1966ರ ಜೂನ್ 6ರಂದು ರೂಪಾಯಿಯ ಅಪಮೌಲ್ಯವಾದ ಮೇಲೆ ಕತಾರ್ ಮೊದಲಾದವರೂ ಒಬ್ಬೊಬ್ಬರಾಗಿ ಬಿಟ್ಟರು. ಒಂದೇ ಹೆಸರಿನ ಹಣವನ್ನು ಒಂದು ಸೀಮೆಯೊಳಗೆ ಮಾತ್ರ ಬಳಸುವಂತೆ ಬೀಗ ಹಾಕುವ ಉಪಾಯ ಇಂದಿನ ಗಣಕ ಯುಗದ್ದಲ್ಲವೆಂಬುದಕ್ಕೆ ಇದು ಸಾಕ್ಷಿ.

ಇನ್ನು ಎರಡನೆಯ ಎಳೆ: ಯಾರಿಗೆ ಎಷ್ಟು ಬೆಲೆ ಎಂಬುದು. ನಮ್ಮ ಮಾಸಪತ್ರಿಕೆಗಳು ಒಳನಾಡಿಗೊಂದು, ವಿದೇಶಕ್ಕೊಂದು ಚಂದಾ ದರವನ್ನು ಮುದ್ರಿಸುವುದು ಓದುಗರಿಗೆ ಹೊಸತಲ್ಲ. ಅಲ್ಲಿಯ ಅಂತರಕ್ಕೆ ಮುಖ್ಯ ಕಾರಣ ಅಂಚೆಯ ಖರ್ಚು. ಖರ್ಚಿನಲ್ಲಿ ಅಂತರವಿಲ್ಲದಿದ್ದರೂ ಕೊಳ್ಳುವವನ ಶಕ್ತಿಯನ್ನು ನೋಡಿ ಬೇರೆ ಬೇರೆ ಬೆಲೆ ಹೇಳುವುದು ಇನ್ನೊಂದು ಬಗೆ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆರ್ಥರ್ ಪಿಗೂ 1920ರ ತನ್ನ ಗ್ರಂಥದಲ್ಲಿ ಇದನ್ನು ಮೂರು ದರ್ಜೆಗಳಾಗಿ ವಿಂಗಡಿಸಿದ. ಕೊಳ್ಳುವವರನ್ನು ಗುರುತಿಸಬಹುದಾದ ಗುಂಪುಗಳಾಗಿ ಒಡೆದು ಗುಂಪಿಗೊಂದು ಬೆಲೆ ಹೇಳುವುದು ಮೂರನೆಯ ದರ್ಜೆ. ಅದು ನಡೆಯಬೇಕಾದರೆ ಒಂದು ಷರತ್ತು ಅನಿವಾರ್ಯ: ಅಗ್ಗಕ್ಕೆ ಕೊಂಡವನು ತುಟ್ಟಿಯ ಊರಿನಲ್ಲಿ ಮಾರುವಂತಿರಬಾರದು. ಬಾಗಲಕೋಟೆಯ ಬಟ್ಟೆಯನ್ನು ಹೊತ್ತು ತಂದ ಎತ್ತಿಗೆ ಇಲ್ಲಿ ಪ್ರವೇಶವಿಲ್ಲ.

ಪುಸ್ತಕದ ವ್ಯಾಪಾರ ಇದಕ್ಕೆ ಒಳ್ಳೆಯ ನಿದರ್ಶನ. 1960ರ ದಶಕದಿಂದ ಬ್ರಿಟಿಷ್ ಸರ್ಕಾರದ ಸಹಾಯಧನದಲ್ಲಿ ಇ.ಎಲ್.ಬಿ.ಎಸ್. ಎಂಬ ಹೆಸರಿನಲ್ಲಿ ಅಗ್ಗದ ಪಠ್ಯಪುಸ್ತಕಗಳು ನಮ್ಮಂಥ ದೇಶಗಳಿಗೆ ಬಂದವು. ವೈದ್ಯಕೀಯ, ಎಂಜಿನಿಯರಿಂಗ್ ಓದಿದ ಒಂದು ತಲೆಮಾರು ಅವುಗಳಿಗೆ ಋಣಿ. ಮುಂದೆ ಪ್ರಕಾಶಕರು ತಾವಾಗಿಯೇ ಭಾರತದ ಆವೃತ್ತಿಗಳನ್ನು ತಂದರು. ಪುಣೆಯ ಅಪ್ಪಾ ಬಳವಂತ ಚೌಕದ ಪುಸ್ತಕದಂಗಡಿಗಳಲ್ಲಿ ಇಂದಿಗೂ ರಕ್ಷಾಪುಟದ ಮೇಲೆ, ಈ ಪ್ರತಿ ಇಂತಿಂಥ ದೇಶಗಳಲ್ಲಿ ಮಾತ್ರ ಮಾರಾಟಕ್ಕೆ ಎಂಬ ಅರ್ಥದ ಸೂಚನೆ ಕಾಣುತ್ತದೆ. ಈ ಸೂಚನೆಗೆ ಎಷ್ಟು ಬಲವಿದೆ ಎಂಬುದು ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಥಾಯ್ಲೆಂಡಿನಿಂದ ಬಂದ ವಿದ್ಯಾರ್ಥಿಯೊಬ್ಬ ತನ್ನ ನಾಡಿನಲ್ಲಿ ಅಗ್ಗವಾಗಿ ಸಿಗುತ್ತಿದ್ದ ಆವೃತ್ತಿಗಳನ್ನು ಬಂಧುಗಳಿಂದ ತರಿಸಿ ಅಮೆರಿಕದಲ್ಲಿ ಮಾರಿದ್ದ. ಜಾನ್ ವೈಲಿ ಪ್ರಕಾಶನ ದಾವೆ ಹೂಡಿತು. 2013ರ ಮಾರ್ಚ್ 19ರಂದು ಆರು ನ್ಯಾಯಮೂರ್ತಿಗಳ ಬಹುಮತ ವಿದ್ಯಾರ್ಥಿಯ ಪರವಾಗಿ ನಿಂತಿತು. ನ್ಯಾಯವಾಗಿ ಕೊಂಡ ಪುಸ್ತಕ ಎಲ್ಲಿ ಅಚ್ಚಾದದ್ದಾದರೂ ಅದನ್ನು ಮಾರುವ ಹಕ್ಕು ಕೊಂಡವನದೆಂಬುದು ತೀರ್ಪಿನ ಸಾರ.

ಆಟದಂಗಡಿ ಈ ತೀರ್ಪಿನ ಕೈಗೆ ಸಿಗುವುದಿಲ್ಲ. ಅಲ್ಲಿ ನಾವು ಕೊಳ್ಳುವುದು ವಸ್ತುವನ್ನಲ್ಲ, ಬಳಸುವ ಪರವಾನಗಿಯನ್ನು. ಅದು ನಮ್ಮ ಖಾತೆಗೆ ಅಂಟಿಕೊಂಡಿರುತ್ತದೆ, ಕೈ ಬದಲಾಗುವುದಿಲ್ಲ. ಒಂದು ಪ್ರತಿಯನ್ನು ಹೆಚ್ಚಾಗಿ ಮಾರಲು ಮಾರುವವನಿಗೆ ಬಹುತೇಕ ಖರ್ಚೇ ಇಲ್ಲ. ಆದ್ದರಿಂದ ಬೆಲೆಯನ್ನು ಇಳಿಸಿದರೂ, ಮಾರಾಟ ಸಾಕಷ್ಟು ಹೆಚ್ಚುವುದಾದರೆ, ಅವನಿಗೆ ಲಾಭವೇ. ಪಿಗೂ ಹೇಳಿದ ಷರತ್ತು ಇಷ್ಟು ಸಂಪೂರ್ಣವಾಗಿ ಈಡೇರಿದ ಪೇಟೆ ಹಿಂದೆಂದೂ ಇದ್ದಂತಿಲ್ಲ.

ಅಮೆರಿಕದ ವಾಲ್ವ್ ಸಂಸ್ಥೆ 2003ರ ಸೆಪ್ಟೆಂಬರಿನಲ್ಲಿ ತೆರೆದ ಸ್ಟೀಮ್ ಇಂಥ ಅಂಗಡಿಗಳಲ್ಲಿ ಮುಖ್ಯವಾದದ್ದು. ಮೊದಲ ವರ್ಷಗಳಲ್ಲಿ ಅದರ ಬೆಲೆಯೆಲ್ಲ ಡಾಲರಿನಲ್ಲಿತ್ತು. 2008ರ ಕೊನೆಗೆ ಯೂರೋ ಬೆಲೆಗಳು ಬಂದಾಗ ಯುರೋಪಿನವರು ಸಂತೋಷಪಡಲಿಲ್ಲ. ಅನೇಕ ಆಟಗಳಲ್ಲಿ ಡಾಲರಿನ ಅಂಕಿಯೇ ಯೂರೋದ ಅಂಕಿಯಾಗಿತ್ತು. ಯೂರೋ ಡಾಲರಿಗಿಂತ ಬೆಲೆಯುಳ್ಳದ್ದಾದ್ದರಿಂದ ಅವರು ಮೊದಲಿಗಿಂತ ಹೆಚ್ಚು ತೆರುವಂತಾಯಿತು. ತಮ್ಮ ನಾಣ್ಯದಲ್ಲಿ ಬೆಲೆ ಕಂಡೊಡನೆ ಅದು ಅಗ್ಗವಾಗಬೇಕೆಂದಿಲ್ಲವೆಂಬ ಪಾಠ ಅದು. ರಷ್ಯಾದಂಥ ದೇಶಗಳಲ್ಲಿ ಇದರ ವಿರುದ್ಧವಾದ ಅನುಭವವಾಯಿತು. ಕಳ್ಳನಕಲಿನ ಮೂಲ ಬೆಲೆಗಿಂತ ಹೆಚ್ಚಾಗಿ ಸೇವೆಯ ಕೊರತೆಯಲ್ಲಿದೆ ಎಂದು ವಾಲ್ವ್‌ನ ಮುಖ್ಯಸ್ಥ ಗೇಬ್ ನ್ಯೂವೆಲ್ 2011ರಲ್ಲಿ ವಾದಿಸಿದರು.

ಭಾರತದಲ್ಲಿ ಆ ಹೊತ್ತಿಗೆ ಎರಡು ತೊಡಕುಗಳಿದ್ದವು. ಡಾಲರಿನ ಬೆಲೆಯನ್ನು ತೆರಲು ಅಂತರರಾಷ್ಟ್ರೀಯ ವ್ಯವಹಾರಕ್ಕೆ ಅನುಮತಿಯುಳ್ಳ ಕಾರ್ಡು ಬೇಕಿತ್ತು. ವಿದ್ಯಾರ್ಥಿಗಳ ಬಳಿ ಅದು ಇರುವುದು ಅಪರೂಪ. ಇದ್ದವರಿಗೂ ಬ್ಯಾಂಕಿನ ವಿನಿಮಯ ಶುಲ್ಕ ತಪ್ಪುತ್ತಿರಲಿಲ್ಲ. ಸರಾಫನ ಬಟ್ಟಾ ಬೇರೆ ಹೆಸರಿನಲ್ಲಿ ಮರಳಿ ಬಂದಿತ್ತು. 2015ರ ನವೆಂಬರಿನಲ್ಲಿ ಸ್ಟೀಮ್ ರೂಪಾಯಿಯಲ್ಲಿ ಬೆಲೆ ತೋರಿಸತೊಡಗಿತು. 2016ರಲ್ಲಿ ಯುಪಿಐ ಬಂದ ಮೇಲೆ ಕಾರ್ಡಿನ ತೊಡಕೂ ಕ್ರಮೇಣ ಸಡಿಲವಾಯಿತು. 2017ರಲ್ಲಿ ಪಬ್‌ಜಿ ಎಂಬ ಆಟ ಜಗತ್ತನ್ನೆಲ್ಲ ಹಿಡಿದಾಗ ಗಣಕಯಂತ್ರಕ್ಕೆ ಅದರ ಬೆಲೆ ಅಮೆರಿಕದಲ್ಲಿ 29.99 ಡಾಲರ್, ಇಲ್ಲಿ 999 ರೂಪಾಯಿ. ಆಗಿನ ದರದಲ್ಲಿ ಮೂವತ್ತು ಡಾಲರೆಂದರೆ ಹೆಚ್ಚುಕಡಿಮೆ 1,950 ರೂಪಾಯಿ. ಅಂದರೆ ಭಾರತದ ಬೆಲೆ ಅರ್ಧದಷ್ಟು. ಅದೇ ವರ್ಷದ ಜುಲೈ 1ರಿಂದ ವಿದೇಶದಿಂದ ಅಂತರಜಾಲದಲ್ಲಿ ಮಾರುವವರೂ ಇಲ್ಲಿಯ ಗ್ರಾಹಕರ ಪರವಾಗಿ 18 ಪ್ರತಿಶತ ಜಿಎಸ್‌ಟಿ ಕಟ್ಟಬೇಕಾಯಿತು.

ಇಂಥ ಅಂತರ ನಿಲ್ಲಬೇಕಾದರೆ ಗೋಡೆ ಬೇಕು. ಯಾವ ದೇಶದ ಬೆಲೆಯೋ ಆ ದೇಶದ್ದೇ ಪಾವತಿ ಸಾಧನ ಇರಬೇಕು. ಖಾತೆಯ ದೇಶವನ್ನು ಮನಬಂದಂತೆ ಬದಲಿಸಲಾಗದು. ಆದರೂ ಅರ್ಜೆಂಟೀನಾ, ಟರ್ಕಿಗಳ ಬೆಲೆ ತೀರ ಕಡಿಮೆಯಿದ್ದಾಗ ತಾವು ಅಲ್ಲಿಯವರೆಂದು ತೋರಿಸಿಕೊಂಡು ಕೊಂಡವರು ಜಗತ್ತಿನೆಲ್ಲೆಡೆ ಇದ್ದರು. ಆ ಎರಡು ದೇಶಗಳ ಹಣ ಹಣದುಬ್ಬರದಿಂದ ಕುಸಿಯುತ್ತಲೂ ಇತ್ತು. 2023ರ ನವೆಂಬರ್ 20ರಿಂದ ಸ್ಟೀಮ್ ಪೆಸೊ, ಲಿರಾಗಳನ್ನು ಕೈಬಿಟ್ಟು ಅಲ್ಲಿ ಡಾಲರಿನಲ್ಲೇ ಬೆಲೆ ಹೇಳತೊಡಗಿತು. ಪ್ರಾದೇಶಿಕ ರಿಯಾಯಿತಿಯ ಡಾಲರ್ ಬೆಲೆಗೆ ಅವಕಾಶವಿದ್ದರೂ ಕೆಲವು ಆಟಗಳ ಬೆಲೆ ಒಂದೇ ರಾತ್ರಿಯಲ್ಲಿ ಹಲವು ಪಟ್ಟಾಯಿತು. ನೇಪಾಳ, ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾಗಳಿಗೆ ತಮ್ಮ ನಾಣ್ಯದ ಬೆಲೆ ಸಿಗಲಿಲ್ಲ. ದಕ್ಷಿಣ ಏಷ್ಯಾದ ಡಾಲರ್ ಬೆಲೆಯಷ್ಟೇ ದೊರೆಯಿತು. ಭಾರತಕ್ಕೂ 2022ರ ಅಕ್ಟೋಬರಿನಲ್ಲಿ ಅಂಗಡಿ ಪ್ರಕಾಶಕರಿಗೆ ಸೂಚಿಸುವ ಬೆಲೆಪಟ್ಟಿ ಪರಿಷ್ಕೃತವಾಗಿ ಮೇಲೇರಿತು. ಕೊನೆಯ ಬೆಲೆಯನ್ನು ನಿರ್ಧರಿಸುವವರು ಪ್ರಕಾಶಕರೇ ಆದರೂ ಆ ಪಟ್ಟಿಯ ನೆರಳು ಅವರ ಮೇಲೆ ಬೀಳುತ್ತದೆ.

ಗೋಡೆಯನ್ನು ಪ್ರಶ್ನಿಸಿದವರೂ ಇದ್ದಾರೆ. ಪೋಲೆಂಡ್, ಹಂಗೇರಿ, ಜೆಕ್ ಮೊದಲಾದ ದೇಶಗಳಲ್ಲಿ ಕೊಂಡ ಕೆಲವು ಆಟಗಳ ಸಕ್ರಿಯಗೊಳಿಸುವ ಕೀಲಿಗಳು ಬೇರೆಡೆ ತೆರೆಯದಂತೆ ಮಾಡಿದ್ದಕ್ಕಾಗಿ ಯುರೋಪಿಯನ್ ಆಯೋಗ 2021ರ ಜನವರಿಯಲ್ಲಿ ವಾಲ್ವ್ ಮತ್ತು ಐದು ಪ್ರಕಾಶಕ ಸಂಸ್ಥೆಗಳಿಗೆ ಒಟ್ಟು 78 ಲಕ್ಷ ಯೂರೋ ದಂಡ ವಿಧಿಸಿತು. ವಾಲ್ವ್ ಹೋದ ಮೇಲ್ಮನವಿಯನ್ನು 2023ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ತಳ್ಳಿಹಾಕಿತು. ಒಂದೇ ಪೇಟೆಯೆಂದು ಒಪ್ಪಿಕೊಂಡ ಮೇಲೆ ಒಳಗೋಡೆಗಳು ಇರಬಾರದೆಂಬುದು ಅವರ ನಿಲುವು. ಅದು ಪೋಲೆಂಡಿನ ಬಡ ಹುಡುಗನಿಗೆ ಲಾಭವೋ ನಷ್ಟವೋ ಎಂಬುದು ಬೇರೆ ಮಾತು. ಗೋಡೆ ಬಿದ್ದರೆ ಬೆಲೆಯೆಲ್ಲ ಒಂದಾಗಬಹುದು. ಆದರೆ ಅದು ಕೆಳಗಿನ ಬೆಲೆಯೇ ಆಗಬೇಕೆಂಬ ನಿಯಮವಿಲ್ಲ.

ನನ್ನ ಸೋದರಳಿಯನಿಗೆ ನಾನು ಕೊಟ್ಟ ಉತ್ತರ ಇದು. ನೀನೂ ಮೋಸ ಹೋಗಿಲ್ಲ, ಅಣ್ಣನೂ ಹೋಗಿಲ್ಲ. ಆದರೆ ನಿನಗೆ ಸಿಕ್ಕ ಬೆಲೆಯನ್ನು ನಿನ್ನ ಹಕ್ಕೆಂದು ತಿಳಿಯಬೇಡ. ನಿನ್ನ ಊರಿನ ಗಳಿಕೆಯನ್ನು ಅಳೆದು, ಇಷ್ಟಕ್ಕೆ ಕೊಂಡಾನು, ಇದಕ್ಕಿಂತ ಹೆಚ್ಚಾದರೆ ಕದ್ದಾನು ಎಂದು ಅಂದಾಜಿಸಿ ಇಟ್ಟ ಬೆಲೆ ಅದು. ಅಂದಾಜು ಬದಲಾದ ದಿನ ಬೆಲೆಯೂ ಬದಲಾಗುತ್ತದೆ, ಟರ್ಕಿಯ ಹುಡುಗರಿಗೆ ಬದಲಾದಂತೆ. ಹಳೆಯ ಸರಾಫನ ಎದುರು ಕುಳಿತು ಬಟ್ಟಾ ಹೆಚ್ಚಾಯಿತೆಂದು ಜಗಳವಾಡಬಹುದಿತ್ತು. ಅವನು ಒಪ್ಪದಿದ್ದರೆ ಪಕ್ಕದ ಅಂಗಡಿಗೆ ಹೋಗಬಹುದಿತ್ತು. ನಿನ್ನ ಬೆಲೆಯನ್ನು ಬರೆಯುವವರ ಎದುರು ಕುಳಿತುಕೊಳ್ಳುವ ಜಾಗವೇ ಇಲ್ಲ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ನಾಳೆ ನಾನೂ ಡಲ್ಲಾಸಿಗೆ ಹೋದರ?” ಎಂದು ಕೇಳಿದ. ಆಗ ನಿನ್ನ ಬೆಲೆಯೂ ಅಲ್ಲಿಯದೇ ಆಗುತ್ತದೆ ಎಂದೆ. ಊರು ಬಿಟ್ಟು ಬದುಕುವ ನಮಗೆ ಇದು ತಿಳಿಯದ ಸಂಗತಿಯೇನಲ್ಲ. ಭಾಷೆಯನ್ನು ಗಂಟು ಕಟ್ಟಿ ಜೊತೆಗೆ ತರಬಹುದು. ನಮ್ಮ ಅಜ್ಜನ ತಲೆಮಾರಿನವರು ಕಲಬುರಗಿಯಿಂದ ಸೊಲ್ಲಾಪುರಕ್ಕೆ, ಪುಣೆಗೆ ತಂದರು. ಬೆಲೆಯನ್ನು ಹಾಗೆ ತರಲಾಗದು. ಹಾಲಿ ರೂಪಾಯಿ ವಾಡಿಯಿಂದ ಇತ್ತ ಕಡೆ ಬರುತ್ತ ಬರುತ್ತ ಅರ್ಥ ಕಳೆದುಕೊಂಡಂತೆ, ಕೊಂಢವಾದ ಈ ಅಗ್ಗದ ಬೆಲೆಯೂ ವಿಮಾನ ಹತ್ತುವವರ ಜೊತೆ ಬರುವುದಿಲ್ಲ.